ಖಾಲಿ ಎಂದ ಮೊಟ್ಟೆ

ಮರ್ವ್ ಕ್ರೆಚ್ಮರ್ ಮೂರು ಗಂಟೆಗೆ ಬರುತ್ತೇನೆಂದರೆ ಎರಡೂವರೆಗೇ ಬಂದು ನಿಂತಿರುತ್ತಾನೆ, ಅದೂ ಹಸಿದುಕೊಂಡು. ನೋಲಾ ಟ್ರೆಗೆಂಜಾಗೆ ಇದು ಹೊಸದಲ್ಲ. ಮೂಂಟಾ ಊರಿನ ಈ ಅಡುಗೆಮನೆಯಲ್ಲಿ ಅವನು ಮೂವತ್ತು ವರ್ಷ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ತಿಂದಿದ್ದಾನೆ. ಅವಳ ಗಂಡ ಲಿಂಡ್ಸಿ ಇದ್ದಾಗ ಅವನ ಎದುರು ಕೂತು, ಲಿಂಡ್ಸಿ ಸತ್ತ ಮೇಲೆ ಅವನ ಕುರ್ಚಿಯಲ್ಲೇ ಕೂತು. ಇವತ್ತೂ ನೋಲಾ ಪೇಸ್ಟಿ ಬೇಯಿಸಿಟ್ಟಿದ್ದಳು. ಜೊತೆಗೆ ಒಂದು ಬಿಳಿ ಸಾಸರನ್ನು ಒರೆಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದಳು.

ಹಿತ್ತಲ ಪಂಜರದಲ್ಲಿ ಈಗ ಉಳಿದಿರುವುದು ಒಂದೇ ಜೋಡಿ ಗಿಳಿ. ಪ್ರಿನ್ಸೆಸ್ ಜಾತಿಯ ಗಿಳಿಯ ಬೆನ್ನು ಹಸಿರು, ಅದು ಎಲ್ಲರಿಗೂ ಗೊತ್ತು. ಲಿಂಡ್ಸಿ ಇಪ್ಪತ್ತೆರಡು ವರ್ಷ ಜೋಡಿಗೆ ಜೋಡಿ ಕೂಡಿಸಿ, ಬೆನ್ನು ಪೂರ್ತಿ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ ತಳಿಯನ್ನು ತೆಗೆದಿದ್ದ. ಅವುಗಳ ಎಡಗಾಲಿನ ಒಂದು ಉಗುರು ಬೆಳ್ಳಗೆ. ಬೇರೆ ಯಾರ ಮನೆಯ ಗಿಳಿಗೂ ಆ ಉಗುರಿಲ್ಲ. ಲಿಂಡ್ಸಿ ಸತ್ತ ಚಳಿಗಾಲದಲ್ಲೇ ಪಂಜರಕ್ಕೆ ರೋಗ ಬಿದ್ದು, ಈ ಮುದಿ ಹೆಣ್ಣು ಮತ್ತು ಅದರ ಗಂಡು ಬಿಟ್ಟು ಎಲ್ಲವೂ ಸತ್ತವು. ಹೆಣ್ಣಿಗೆ ಹದಿನಾಲ್ಕು ವರ್ಷ. ಈ ಸಲ ಮೂರು ಮೊಟ್ಟೆ ಇಟ್ಟಿದೆ. ಮುಂದಿನ ವಸಂತಕ್ಕೆ ಇಡುತ್ತದೆಂಬ ಆಸೆ ನೋಲಾಗೆ ಇರಲಿಲ್ಲ.

ಹೋದ ವರ್ಷ ಐದು ಇಟ್ಟಿತ್ತು. ಗಂಡ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ನೋಲಾಳ ಕಣ್ಣಿನ ನಡುಭಾಗ ಆಗಲೇ ಮಸುಕಾಗಿತ್ತು; ಯಾರನ್ನಾದರೂ ನೇರ ನೋಡಿದರೆ ಮುಖವಿರಬೇಕಾದ ಕಡೆ ಬರೀ ಹೊಗೆ. ಹಾಗಾಗಿ ಮೊಟ್ಟೆಗಳನ್ನು ಟಾರ್ಚಿಗೆ ಹಿಡಿದು ಜೀವ ಕಟ್ಟಿದೆಯೇ ಎಂದು ನೋಡಲು ಮರ್ವ್‌ನನ್ನೇ ಕರೆದಿದ್ದಳು. ಐದೂ ಖಾಲಿ ಎಂದ. ಪಾಪ, ನೀನು ನೋಡಬೇಡ, ನಾನೇ ಎಲ್ಲಾದರೂ ಹೂತುಬಿಡುತ್ತೇನೆ ಎಂದು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದ. ಅವಳು ಅವನಿಗೆ ಥ್ಯಾಂಕ್ಸ್ ಹೇಳಿ ಕಳಿಸಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ಮೈ ಉರಿಯುತ್ತದೆ.

ಆಮೇಲೆ ಏಪ್ರಿಲ್‌ನಲ್ಲಿ ಗಿಳಿ ಸಾಕುವವರ ಸಂಘದ ಪ್ರದರ್ಶನ. ಅಧ್ಯಕ್ಷ ಮರ್ವ್ ಕ್ರೆಚ್ಮರ್ ತನ್ನ ಹೆಸರಿನಲ್ಲಿ ಕೆನೆಬೆನ್ನಿನ ಎರಡು ಮರಿಗಳನ್ನು ಇಟ್ಟಿದ್ದ. ಕ್ವೀನ್ಸ್‌ಲ್ಯಾಂಡ್ ಕಡೆಯವರೊಬ್ಬರಿಂದ ತಂದದ್ದು ಎಂದು ಹೇಳಿಕೊಂಡು ಓಡಾಡುತ್ತಿದ್ದ. ನೋಲಾ ಪಂಜರದ ಮುಂದೆ ನಿಂತು ತಲೆ ವಾರೆ ಮಾಡಿ ಕಣ್ಣಂಚಿನಿಂದ ನೋಡಿದಳು. ಹಾಗೆ ನೋಡಿದರೆ ಅವಳಿಗೆ ಕಾಣುತ್ತದೆ. ಬಿಳಿ ಉಗುರು ಕಂಡಿತು. ಸಂಘದವರಿಗೂ ಕಂಡಿತ್ತು, ಒಬ್ಬೊಬ್ಬರೂ ಉಗುರು ನೋಡಿದರು, ನೋಲಾಳನ್ನು ನೋಡಿದರು, ಆಮೇಲೆ ಚಹಾದ ಕಡೆ ನಡೆದರು. ಎಲ್ಲರಿಗೂ ಮುಂದಿನ ವರ್ಷ ಮರ್ವ್‌ನಿಂದ ಒಂದು ಮರಿ ಬೇಕಾಗಿತ್ತಲ್ಲ! ಅವಳು ಕಣ್ಣಂಚಿನಲ್ಲಿ ನೋಡಬಲ್ಲಳೆಂದು ಮರ್ವ್‌ಗೆ ಮಾತ್ರ ಗೊತ್ತಾಗಲಿಲ್ಲ. ಕುರುಡಿ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಅಂಥವರು ಮತ್ತೆ ಯೋಚಿಸುವುದಿಲ್ಲ.

ನಿನ್ನೆ ಲಿಂಡ್ಸಿಯ ತಂಗಿಯ ಮಗಳು ಕಾರ್ಲೀನ್ ಬಂದು ಮೊಟ್ಟೆ ನೋಡಿ ಹೋಗಿದ್ದಳು. ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. "ಮೂರೂ ಜೀವ ಕಟ್ಟಿವೆ ಅತ್ತೆ. ಕೆಂಪು ದಾರ ಹರಡ್ಕೊಂಡಂಗಿದೆ. ಆ ಮನುಷ್ಯನ್ನ ಕರೀಲೇಬೇಡ, ಸುಮ್ನಿರು" ಎಂದಿದ್ದಳು. ನೋಲಾ ಹೂಂ ಎಂದಳು. ಅವಳ ಕಾರು ಮರೆಯಾಗುತ್ತಲೇ ಮರ್ವ್‌ಗೆ ಫೋನ್ ಮಾಡಿದಳು.

"ಏನ್ ಘಮಘಮ ಅಂತಿದೆ ನೋಲ್!" ಮರ್ವ್ ಬಾಗಿಲಲ್ಲೇ ಮೂಗರಳಿಸಿದ. "ನೀನಿರೋವಾಗ ನಂಗ್ಯಾಕೆ ಇನ್ನೊಂದು ಮದ್ವೆ, ಹೇಳು."

"ಮೊದ್ಲು ಮೊಟ್ಟೆ, ಆಮೇಲೆ ಹೊಟ್ಟೆ. ನಡಿ."

ಹೆಣ್ಣು ಮೊಳಕೆಕಾಳು ತಿನ್ನಲು ಕೆಳಗಿಳಿದ ಸಮಯ ನೋಡಿ, ಮರ್ವ್ ಗೂಡಿನ ಟೊಳ್ಳು ದಿಮ್ಮಿಯೊಳಗಿಂದ ಉದ್ದ ಹಿಡಿಯ ಚಮಚದಲ್ಲಿ ಮೂರನ್ನೂ ತೆಗೆದ. ಪಕ್ಕದ ಶೆಡ್ಡಿನ ಕಿಟಕಿಗೆ ಗೋಣಿ ಇಳಿಬಿಟ್ಟು ಟಾರ್ಚ್ ಹಚ್ಚಿದ.

"ಒಂದನೇದು... ಆಹಾ, ಕಟ್ಟಿದೆ. ನೋಡು ನರ ಹೆಂಗೆ ಕಾಣ್ತಿದೆ. ಅಲ್ಲಾ, ನಿಂಗೆಲ್ಲಿ ಕಾಣ್ಬೇಕು ಬಿಡು." ಇನ್ನೊಂದನ್ನು ಹಿಡಿದ, ಮತ್ತೊಂದನ್ನು ಹಿಡಿದ. "ಎರಡನೇದು ಖಾಲಿ. ಮೂರನೇದೂ ಖಾಲಿ. ಮುದುಕಿ ಅಲ್ವಾ, ಒಂದು ಸಿಕ್ಕಿದ್ದೇ ಹೆಚ್ಚು."

ಕರ್ಚೀಫು ಹೊರಬಂತು. ನೋಲಾ ಸಾಸರನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದ್ರಲ್ಲಿ ಒಡಿ."

"ಯಾಕೆ?"

"ಖಾಲಿ ಮೊಟ್ಟೆನ ಒಡೆದು ನೋಡ್ದೆ ಬಿಸಾಕ್ಬೇಡಿ ಅಂತ ಹೊಸಬರಿಗೆಲ್ಲ ಪಾಠ ಹೇಳೋನು ನೀನೇ ತಾನೆ?"

ಅದು ಸಂಘದ ಹಳೆಯ ರೂಢಿ. ಗಂಡು ಕೈಕೊಟ್ಟಿತೋ, ಮರಿ ಕಟ್ಟಿ ಸತ್ತಿತೋ ಎಂದು ಒಡೆದರೆ ತಿಳಿಯುತ್ತದೆ. ಲಿಂಡ್ಸಿ ಒಂದನ್ನೂ ಬಿಟ್ಟವನಲ್ಲ. ಹೋದ ವರ್ಷ ದುಃಖದಲ್ಲಿ ನೋಲಾಗೆ ಅದು ಮರೆತೇ ಹೋಗಿತ್ತು.

"ನಾತ ಹೊಡಿಯುತ್ತೆ ನೋಲ್, ತಿನ್ನೋ ಹೊತ್ನಲ್ಲಿ."

"ಎಂಟು ದಿನದ ಮೊಟ್ಟೆ. ಎಲ್ಲಿಂದ ಬರುತ್ತೆ ನಾತ?"

ಮರ್ವ್ ಮೊಟ್ಟೆಯನ್ನು ಕೈಯಲ್ಲಿ ತಿರುಗಿಸಿದ. ಅವಳು ಬೆಳಗಿನಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತನ್ನು ಆಗ ಆಡಿದಳು. "ಬೇಕಾದ್ರೆ ಇನ್ನೊಂದ್ಸಲ ನೋಡು ಮರ್ವ್. ಬೆಳಕು ಸರಿಯಾಗಿ ಬೀಳ್ಲಿಲ್ವೇನೋ. ತಪ್ಪು ಯಾರಿಗಾದ್ರೂ ಆಗುತ್ತೆ."

ಹೌದು ನೋಡು, ಕಟ್ಟಿದೆ ಎಂದು ಅವನು ಅಂದುಬಿಟ್ಟಿದ್ದರೆ ಸಾಕಿತ್ತು. ಖಾಲಿ ಎಂದ ಮಾತನ್ನು ಅವನು ನುಂಗುವಾಗ ಮುಖ ಹೇಗಾಗುತ್ತದೆಂದು ಅವಳಿಗೆ ನೋಡಬೇಕಿತ್ತು, ಅಷ್ಟೇ. ಆಮೇಲೆ ಪೇಸ್ಟಿಯನ್ನೂ ಬಡಿಸುತ್ತಿದ್ದಳು. ಗಿಳಿಯ ಮೇಲಿನ ಆಸೆಗೆ ಮನುಷ್ಯ ಕದಿಯಬಹುದು. ಜೀವವಿರುವ ಮೊಟ್ಟೆಯನ್ನು ಗಿಳಿ ಸಾಕಿದವನ ಕೈ ಒಡೆಯುವುದಿಲ್ಲ. ನೋಲಾ ಇದೊಂದನ್ನೇ ನಂಬಿ ಅವನನ್ನು ಕರೆದಿದ್ದಳು.

"ಮೂವತ್ತೆಂಟು ವರ್ಷದಿಂದ ಮೊಟ್ಟೆ ನೋಡ್ತಿದೀನಿ ಕಣೇ," ಎಂದ ಮರ್ವ್. "ಆ ಕಣ್ಣಿಟ್ಕೊಂಡು ನಂಗೆ ಹೇಳ್ಕೊಡ್ತೀಯಾ?"

ಸಾಸರಿನ ಅಂಚಿಗೆ ಎರಡನೇ ಮೊಟ್ಟೆಯನ್ನು ಕುಟ್ಟಿದ. ಸಿಪ್ಪೆ ಬಿಡಿಸಿ ಸುರಿದ. ಗೋಣಿ ಸರಿಸಿ, ಸಾಸರನ್ನು ಎತ್ತಿ ಅವಳ ಮೂಗಿನ ನೇರಕ್ಕೆ ಹಿಡಿದ. "ನೋಡ್ಕೋ. ಬರೀ ನೀರು."

ನೇರಕ್ಕೆ ಹೊಗೆಯಿತ್ತು. ನೋಲಾ ಮೆಲ್ಲಗೆ ತಲೆ ವಾರೆ ಮಾಡಿದಳು, ಗಿಳಿ ಒಂದೇ ಕಣ್ಣಲ್ಲಿ ನೋಡುತ್ತದಲ್ಲ, ಹಾಗೆ. ಬಿಳಿ ಪಿಂಗಾಣಿಯ ಮೇಲೆ ಕೆಂಪು ಎಳೆಗಳು ಹರಡಿಕೊಂಡಿದ್ದವು. ಅವುಗಳ ನಡುವೆ ಸಾಸಿವೆಕಾಳಿನಷ್ಟು ಏನೋ ಒಂದು ಮಿಡಿಯುತ್ತಿತ್ತು. ಅದು ನಿಲ್ಲುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.

ವಾರೆಯಾದ ಆ ತಲೆಯನ್ನು ನೋಡಿ ಮರ್ವ್‌ಗೆ ತಿಳಿಯಿತು. ಸಾಸರನ್ನು ಮೇಜಿನ ಮೇಲಿಟ್ಟ. "ಒಂದೊಂದ್ಸಲ... ಹೀಗೂ ಆಗುತ್ತೆ ನೋಲ್."

"ಹೋಗು."

ಅವನು ಹೋದ. ಗುರುವಾರ ಸಂಘದ ಸಭೆಯಲ್ಲಿ ಅವನೇ ಅಧ್ಯಕ್ಷನ ಕುರ್ಚಿಯಲ್ಲಿರುತ್ತಾನೆ. ಅವಳು ಬಾಯಿಬಿಟ್ಟರೆ, ವಯಸ್ಸಾಯಿತು, ಒಂದು ತಪ್ಪಾಯಿತು ಎನ್ನುತ್ತಾನೆ. ಎಲ್ಲರೂ ಚಹಾದ ಕಡೆ ನಡೆಯುತ್ತಾರೆ.

ನೋಲಾ ಉಳಿದ ಎರಡನ್ನು ಅಂಗೈಯಲ್ಲಿ ಬೆಚ್ಚಗೆ ಮುಚ್ಚಿಕೊಂಡು ಹೋಗಿ ದಿಮ್ಮಿಯೊಳಗಿಟ್ಟಳು. ಮುದಿ ಹೆಣ್ಣು ಮೇಲೇರಿ ಒಳಗೆ ಹೋಯಿತು. ಬಹಳ ಹೊತ್ತು ಒಳಗಿನಿಂದ ಅದು ಸರಿದಾಡುವ ಸದ್ದು ಬರುತ್ತಿತ್ತು. ಅವನನ್ನು ಕರೆಯದೆ ಸುಮ್ಮನಿದ್ದಿದ್ದರೆ ಅದರ ಹೊಟ್ಟೆಯಡಿ ಮೂರಿರುತ್ತಿದ್ದವು. ಸುಮ್ಮನಿರುವುದು ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ.

ಐದಕ್ಕೆ ಕಾರ್ಲೀನ್ ಫೋನ್ ಮಾಡಿದಳು. ಸಂಘದ ಯಾರೋ ಅವಳಿಗೆ ಮರ್ವ್‌ನ ಕಾರು ಕಂಡ ಸುದ್ದಿ ಮುಟ್ಟಿಸಿದ್ದರು.

"ಅತ್ತೆ, ಬಂದಿದ್ನಂತೆ ಆ ಕಳ್ಳ? ಮೂರೂ ಇದಾವೆ ತಾನೆ?"

"ಎರಡಿವೆ."

"ನೋಡಿದ್ಯಾ, ನಾ ಹೇಳಿರ್ಲಿಲ್ವಾ! ಒಂದು ಹೊಡ್ಕೊಂಡ್ ಹೋದ್ನಾ?"

ಶೆಡ್ಡಿನ ಮೇಜಿನ ಮೇಲೆ ಸಾಸರು ಇನ್ನೂ ಹಾಗೇ ಇತ್ತು.

"ಇಲ್ಲ ಕಣೇ," ಎಂದಳು ನೋಲಾ. "ನಾನೇ ಒಡೆಸ್ದೆ."