ಕರೆತಂದವರು

“ಕರೆತಂದವರು ಅಂದ್ರೆ, ಎಲ್ಲಿಗೆ?” ಅರ್ಜಿಯ ಒಂದು ಖಾನೆ ನೋಡುತ್ತಾ ಹುಡುಗಿ ಯಾರನ್ನೂ ಉದ್ದೇಶಿಸದೆ ಕೇಳಿದಳು.

ಹೊರಗಿನಿಂದ ಬೀಗ ಜಡಿದು ದುಡಿಸುತ್ತಿದ್ದ ಹೊಲಿಗೆ ಕಾರ್ಖಾನೆಯಿಂದ ಪೊಲೀಸರು ಅವಳನ್ನು ಬಿಡಿಸಿ ತಿಂಗಳಾಗಿತ್ತು. ಹಾಗೆ ಬಿಡುಗಡೆಯಾದವರಿಗೆ ನಗರಸಭೆ ಹಾಸ್ಟೆಲಿನಲ್ಲಿ ಜಾಗ ಕೊಟ್ಟು ಓದಿಸುತ್ತಿತ್ತು. ಅರ್ಜಿಗೆ ಇವತ್ತೇ ಕೊನೆಯ ದಿನ. ಈ ಕಚೇರಿಗೆ ಅವಳನ್ನು ಕರೆತಂದವಳು ಪಕ್ಕದಲ್ಲೇ ಕೂತ ಚಿಕ್ಕಮ್ಮ. ಬಣ್ಣದ ಮಾತಾಡಿ ಆ ಕಾರ್ಖಾನೆಗೆ ಸೇರಿಸಿದವಳೂ ಅವಳೇ. ಬೆಳಿಗ್ಗೆ ಅಷ್ಟು ಮೆತ್ತಗೆ ಜಡೆ ಹೆಣೆದದ್ದೂ ಅದೇ ಕೈ. ಸಿಟ್ಟು ಬರಬೇಕೋ ಅಳು ಬರಬೇಕೋ ಹುಡುಗಿಗೆ ತಿಳಿಯಲಿಲ್ಲ.

“ಒಂದು ಹೆಸರು ಬರೆಯೋಕೆ ಪುರಾಣ ಬರೆದಷ್ಟು ಹೊತ್ತಾ? ನನ್ನ ಹೆಸರು ಹಾಕು, ಮುಗೀತು,” ಎಂದು ಚಿಕ್ಕಮ್ಮ ನಕ್ಕಳು.

ಕೌಂಟರಿನಲ್ಲಿದ್ದ ಗುಮಾಸ್ತೆ ತಲೆಯೆತ್ತಿದಳು. “ಅಲ್ಲಮ್ಮ, ಅದು ಹುಡುಗೀನ ಕಾರ್ಖಾನೆಗೆ ಕರ್ಕೊಂಡು ಹೋದವರ ಹೆಸರು. ಪೊಲೀಸರಿಗೂ ಒಂದು ಪ್ರತಿ ಹೋಗುತ್ತೆ.”

ಚಿಕ್ಕಮ್ಮನ ನಗು ಅಲ್ಲೇ ಬತ್ತಿತು. ಹುಡುಗಿಯ ಕಿವಿಯ ಹತ್ತಿರ ಬಾಗಿ, “ಗೊತ್ತಿಲ್ಲ ಅಂತ ಬರಿ, ಪುಟ್ಟಿ. ನಿಮ್ಮಮ್ಮ ಹೋದ್ಮೇಲೆ ನಿನಗೆ ನಾನಲ್ದೆ ಯಾರಿದ್ದಾರೆ ಹೇಳು?” ಎಂದಳು.

ಅದೂ ನಿಜವೇ. ಹುಡುಗಿ ತನ್ನ ಜಡೆ ಮುಟ್ಟಿ ನೋಡಿಕೊಂಡಳು.

“ಹಾಗೆ ಬರೆಯಲ್ಲ, ಚಿಕ್ಕಮ್ಮ.”