ಕಂಬದ ಬಳಿಯ ಬೆರಳು

ಮೈಕು ಕೀಂ ಎಂದಿತು, ಎನ್ನಲಿ ಬಿಡು, ಈ ಜನಸಾಗರದ ಗಲಾಟೆಯ ಮುಂದೆ ಮೈಕಿನದೇನು ಮಹಾ, ಇದೇ ಸಭಾಂಗಣದಲ್ಲಿ ನಿನ್ನೆ ಬೆಳಿಗ್ಗೆ ಒಂದೊಂದು ತಂಡ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿ ಕೂತಿತ್ತು, ಎಂಟು ದಿಕ್ಕೂ ಸಾಲದೆ ಒಂದು ತಂಡ ಸೂರು ನೋಡುತ್ತಿತ್ತು, ಕಟ್ಟುವುದು ಎಲ್ಲರೂ ಸೇರಿ ಒಂದೇ ಆ್ಯಪ್, ಅಂಥವರನ್ನು ಎರಡೇ ದಿನದಲ್ಲಿ ಮುಂದಿನ ಮೂರು ತಿಂಗಳ ಕೆಲಸಕ್ಕಾಗಿ ಒಂದೇ ಗೋಡೆಯ ಮುಂದೆ ತಂದು ನಿಲ್ಲಿಸಿದವಳು ಯಾರು, ಅವಳೇ, ಭೂಮಂಡಲದಲ್ಲಿ ಇನ್ನೊಬ್ಬಳಿದ್ದರೆ ಬರಲಿ ನೋಡೋಣ — ಗಂಡ ಮಾತ್ರ ಕಿಸಕ್ಕನೆ ನಕ್ಕಿದ್ದ, ಅಷ್ಟು ಜನಾನ ಒಪ್ಪಿಸ್ತೀಯಾ ಮಹಾರಾಣಿ, ಮನೇಲಿ ಫ್ಯಾನು ಎಷ್ಟರಲ್ಲಿ ಇರಬೇಕು ಅಂತ್ಲೇ ಇನ್ನೂ ತೀರ್ಮಾನ ಆಗಿಲ್ಲ ಅಂತ, ನಿಮ್ಮನ್ನ ಒಪ್ಪಿಸೋಕೆ ಎರಡು ದಿನ ಅಲ್ಲ, ಎರಡು ಜನ್ಮ ಬೇಕು ಅಂದಿದ್ದಳು — ಆ ಗೋಡೆಯೋ, ತಂಡಕ್ಕೊಂದು ಸಾಲು, ಕೆಲಸಕ್ಕೊಂದು ಚೀಟಿ, ಒಬ್ಬರ ಕೆಲಸ ಇನ್ನೊಬ್ಬರದಕ್ಕೆ ಕಾಯುವ ಕಡೆಯೆಲ್ಲ ಚೀಟಿಯಿಂದ ಚೀಟಿಗೆ ಕೆಂಪು ದಾರ, ದಾರ ಕೊಳ್ಳುವಾಗ ಅಂಗಡಿಯವನು ಏನಮ್ಮಾ ಊರಿಗೆಲ್ಲ ಸ್ವೆಟರ್ ಹೆಣೀತೀರಾ ಅಂದಿದ್ದ, ಈಗ ಉಳಿದದ್ದು ಬೆರಳು ಎಣಿಸುವುದೊಂದೇ, ಯೋಜನೆಯ ಮೇಲೆ ಪೂರ್ತಿ ನಂಬಿಕೆಯಿದ್ದರೆ ಐದು ಬೆರಳು, ಇಲ್ಲವೇ ಇಲ್ಲವೆಂದರೆ ಒಂದು, ಮೂರಕ್ಕಿಂತ ಕಡಿಮೆ ಎತ್ತಿದವರು ಕಾರಣ ಹೇಳಬೇಕು, ಹೇಳುವಾಗ ಯಾರೂ ನಗಬಾರದು, ಇದು ಅವಳ ಕಟ್ಟಪ್ಪಣೆ. ಮುಂದಿನ ಸಾಲಿನಲ್ಲಿ ಕಂಪನಿಯ ನಿರ್ದೇಶಕರು ಗಡಿಯಾರ ನೋಡುತ್ತಿದ್ದಾರೆ, ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾರೆ, ಎಲ್ರೂ ಒಪ್ಪಿದ್ರೆ ಇನ್ಮೇಲೆ ಇಂಥ ಸಭೆಗಳೆಲ್ಲ ನಿಮ್ಮದೇ ಅಮ್ಮಾ, ಇಲ್ಲಾಂದ್ರೆ ಹೊರಗಿನವರನ್ನ ಕರೆಸ್ತೀನಿ — ಹೊರಗಿನವರಂತೆ! — ಎತ್ತಿ ಕೈ, ಎಂದಳು, ಎದ್ದವು ಅಂಗೈಗಳು, ಕಾಡಿಗೆ ಕಾಡೇ, ಸೂರಿನ ದೀಪಗಳು ಅಲ್ಲಾಡುವಷ್ಟು, ಐದು, ಐದು, ನಾಲ್ಕು, ಐದು, ಎದೆ ಉಬ್ಬಿ ಇನ್ನು ಬಾಗಿಲಲ್ಲಿ ಹಿಡಿಸುವುದಿಲ್ಲ, ಐದು — ಕಂಬದ ಮರೆಯಲ್ಲಿ ಒಂದು. ಒಂದೇ ಬೆರಳು. ಆ್ಯಪಿನ ಹಣ ಪಾವತಿ ತಂಡದ ಗಡ್ಡದವನು, ಎತ್ತಿದ್ದಾನೆ ಎಂದರೆ ತನ್ನ ಕಿವಿಯಷ್ಟು ಎತ್ತರ, ನಿರ್ದೇಶಕರಿಗೆ ಕಂಬ ಅಡ್ಡ, ಎಣಿಸುವವಳು ಅವಳೊಬ್ಬಳೇ, ಎಲ್ಲರೂ ಒಪ್ಪಿದರು ಎಂದುಬಿಟ್ಟರೆ ಚಪ್ಪಾಳೆ, ಕಾಫಿ, ಮನೆ — ಆ ಬೆರಳು ಕಣ್ಣು ಮುಚ್ಚಿದರೂ ಕಾಣುತ್ತಿದೆ, ಅವಳಂಥವಳು ಒಂದು ಕಂಬವನ್ನು ನಂಬಿಕೊಂಡು ಗೆಲ್ಲುವುದೇ? — ಕಂಬದ ಹತ್ತಿರ ಒಂದು ಬೆರಳಿದೆ, ಹೇಳಿ ಸಾರ್, ಎಂದಳು, ಮೈಕಿನಲ್ಲೇ, ಇಡೀ ಸಭೆ ತಿರುಗಿತು, ಗಡ್ಡದವನು ಎದ್ದ, ಮೇಡಂ, ನಾವಿರೋದೇ ಇಬ್ಬರು, ಇವಳು ಮುಂದಿನ ತಿಂಗಳು ಹೆರಿಗೆ ರಜಕ್ಕೆ ಹೋಗ್ತಾಳೆ, ಅಷ್ಟೂ ದಾರ ನಮ್ಮ ಚೀಟಿಗೇ ಬಂದು ನಿಂತಿದೆ, ನನಗೇನು ರಾವಣನ ಹಾಗೆ ಇಪ್ಪತ್ತು ಕೈ ಇದೆಯಾ — ಯಾರೂ ನಗಲಿಲ್ಲ, ಅಪ್ಪಣೆ ಎಂದರೆ ಅಪ್ಪಣೆ — ಆ ದಾರಗಳ ಗಂಟು ಹೂವಿನ ಹಾಗೆ ಅರಳಿದೆ ಎಂದು ನಿನ್ನೆ ಫೋಟೋ ತೆಗೆದವಳೂ ಅವಳೇ, ಹಾಳಾದ ಹೂವು — ನಿರ್ದೇಶಕರು ಏನಮ್ಮಾ ಇದು ಎನ್ನುವಷ್ಟರಲ್ಲಿ ಆ್ಯಪ್ ಪರೀಕ್ಷಿಸುವ ತಂಡದ ದಪ್ಪ ಕನ್ನಡಕದವಳು ಗೋಡೆಯ ಬಳಿ ಹೋಗಿ ತನ್ನ ತಂಡದ ದಾರ ಬಿಚ್ಚಿದಳು, ನಮ್ಮದು ಆಮೇಲಾದ್ರೂ ನಡೆಯುತ್ತೆ ಅಣ್ಣಾ, ಅವಳ ಹಿಂದೆ ಇನ್ನೊಬ್ಬ, ನಮ್ಮಲ್ಲೊಬ್ಬ ಸುಮ್ನೆ ಮಾತಾಡ್ತಾ ಇರ್ತಾನೆ, ಅವನನ್ನ ಕರ್ಕೊಳ್ಳಿ, ಅವನ ಹಿಂದೆ ಇನ್ನಷ್ಟು ಜನ, ಹೇಳಿಸಿಕೊಳ್ಳದೆ, ಬೈಸಿಕೊಳ್ಳದೆ, ಏಳು ಸಮುದ್ರದಾಚೆಯಿಂದ ಬಂದವರಾದರೂ ಇದನ್ನು ಮಾಡಿಸಿಯಾರೇ — ನಿರ್ದೇಶಕರು ಗಡಿಯಾರ ಬಿಟ್ಟು ಗೋಡೆ ನೋಡುತ್ತಿದ್ದಾರೆ, ನೋಡಲಿ, ಕಣ್ತುಂಬ ನೋಡಲಿ — ಇನ್ನೊಮ್ಮೆ ಎತ್ತಿ ಕೈ, ಕಾಡು ಎದ್ದಿತು, ಅವಳು ಕಾಡು ನೋಡಲಿಲ್ಲ, ಕಂಬದ ಹತ್ತಿರ, ಆ ಬೆರಳು, ಈಗ ತಲೆಗಿಂತ ಮೇಲೆ, ಅದೇ ಕೈಯಲ್ಲಿ ಪಕ್ಕಕ್ಕೆ ಇನ್ನೊಂದು, ಮತ್ತೊಂದು, ಮೂರಾಯಿತು, ಏಳಲೋ ಬೇಡವೋ ಎನ್ನುತ್ತಿರುವ ಕಿರುಬೆರಳು, ಆ ಕಿರುಬೆರಳು —