ಒಬ್ಬರೇ ಕೂರುವ ಬೆಂಚು

ಸೇತುವೆಯಾಚೆಯ ಕೇರಿಯ ಮಕ್ಕಳನ್ನೂ ದೊಡ್ಡ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಕೋರ್ಟು ಹೇಳಿ ಎರಡು ವರ್ಷವಾದ ಮೇಲೆ, ಶಾಲೆ ಮೀನಮೇಷ ಎಣಿಸಿ ಎಣಿಸಿ ಒಬ್ಬಳನ್ನು ಸೇರಿಸಿಕೊಂಡಿತು. ಅವಳು ಬಡಗಿಯ ಮಗಳು. ಅದೇ ವಾರ ಹೆಡ್‌ಮಾಸ್ಟರು ಬಡಗಿಯನ್ನು ಕರೆಸಿ, ನಾಲ್ಕನೇ ತರಗತಿಯ ಹಿಂದಿನ ಮೂಲೆಗೆ ಒಬ್ಬರೇ ಕೂರುವಂಥ ಬೆಂಚು ಬೇಕೆಂದರು. ಯಾರಿಗೆ ಅಂತ ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಸಿಡಿದಳು. “ನಿಮ್ಮ ಕೈಯಾರೆ ಮಗಳನ್ನ ಮೂಲೆಗೆ ತಳ್ತೀರಾ? ಆಗಲ್ಲ ಅನ್ನೋಕೆ ನಾಲಿಗೆ ಬಿದ್ದುಹೋಗಿತ್ತಾ?”

“ನಾನು ಬಿಟ್ರೆ ಇನ್ನೊಬ್ಬ ಮಾಡ್ತಾನೆ ಕಣೇ. ಅವನು ಮೊಳೆ ನೆಟ್ಟಗೆ ಹೊಡೆಯಲ್ಲ, ಮಗು ಬಟ್ಟೆ ಹರಿಯುತ್ತೆ.”

ಅವನು ಮಾಡಿ ಹೊತ್ತೊಯ್ದದ್ದು ಇಬ್ಬರು ಆರಾಮಾಗಿ ಕೂರುವ ಬೆಂಚು.

“ಏನಯ್ಯಾ, ನಾನು ಹೇಳಿದ್ದೇನು?” ಹೆಡ್‌ಮಾಸ್ಟರು ಗುಡುಗಿದರು.

“ಸ್ವಾಮಿ, ಹಲಗೆ ಗಿಡ್ಡ ಆದ್ರೆ ಕಾಲು ಹತ್ತಿರ ಬರುತ್ತೆ. ನಿಮ್ಮ ನೆಲ ಏರುಪೇರು. ಬೆಂಚು ಮಗುಚಿ ಮಗು ತಲೆ ಒಡೆದ್ರೆ ನಾಳೆ ಪೇಪರಿನೋರು ಬಂದು ನಿಲ್ತಾರೆ.”

ಪೇಪರು ಅನ್ನುವ ಮಾತು ನಾಟಿತು. ಬೆಂಚು ಒಳಗೆ ಹೋಯಿತು.

ಆದರೆ ಹತ್ತು ದಿನ ಅದರ ಅರ್ಧ ಖಾಲಿಯೇ ಉಳಿಯಿತು. ಮನೆಯಲ್ಲಿ ಮಾತಾಡಿ ಮಾತಾಡಿ ಎಲ್ಲರ ತಲೆ ತಿನ್ನುತ್ತಿದ್ದ ಹುಡುಗಿ ಈಗ ಏನು ಕೇಳಿದರೂ ‘ಹೂಂ’ ಅಂದು ಗೋಡೆಗೆ ತಿರುಗಿಕೊಳ್ಳುತ್ತಿದ್ದಳು. ಬೆಂಚು ಉದ್ದ ಮಾಡಲು ಹೋಗಿ ಮಗಳ ಒಂಟಿತನವನ್ನೇ ಉದ್ದ ಮಾಡಿದೆನೇನೋ ಎಂದು ಬಡಗಿ ತನ್ನನ್ನೇ ಬೈದುಕೊಂಡ.

ಹನ್ನೊಂದನೇ ದಿನ ಅವಳೇ ಹೇಳಿದಳು: ಬೇಕರಿಯವರ ಮಗಳು ಪಾಠದ ನಡುವೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳಂತೆ. ಟೀಚರಮ್ಮನಿಗೆ ರೇಗಿ, “ಹೋಗು, ಮೂಲೆಯಲ್ಲಿ ಅವಳ ಪಕ್ಕ ಕೂತ್ಕೋ. ಆಗ ಬುದ್ಧಿ ಬರುತ್ತೆ” ಅಂದರಂತೆ. ಅದಕ್ಕಿಂತ ದೊಡ್ಡ ಶಿಕ್ಷೆ ಆಕೆಗೆ ಹೊಳೆದಿರಲಿಲ್ಲ. ಆದರೆ ಆ ಮಾತಿನಮಲ್ಲಿಗೆ ಸಿಕ್ಕಿದ್ದು ತನ್ನ ಕಥೆಗಳನ್ನು ಒಮ್ಮೆಯೂ ಕೇಳಿರದ ಎರಡು ಹೊಸ ಕಿವಿ. ಮಾರನೇ ದಿನ ಅವಳು ಬೇಕೆಂದೇ ಇನ್ನಷ್ಟು ಮಾತಾಡಿ ಶಿಕ್ಷೆ ಸಂಪಾದಿಸಿದಳು. ಆಮೇಲೆ ಆ ವಾರವೆಲ್ಲ ಅದೇ ಕಥೆ.

ಒಂದು ಸಂಜೆ ಮಗಳು ಚೀಲ ಎಸೆದು, ಮೂತಿ ಊದಿಸಿಕೊಂಡು ಬಂದಳು. “ಅಪ್ಪಾ, ಇವತ್ತು ನನಗೂ ಶಿಕ್ಷೆ ಆಯ್ತು.”

ಬಡಗಿ ಉಳಿ ಕೆಳಗಿಟ್ಟ. “ಯಾಕೆ? ಏನು ಮಾಡಿದ್ರು?”

“ಇಬ್ರೂ ಸೇರಿ ಬರೀ ಹರಟ್ತೀರಾ ಅಂತ ನನ್ನನ್ನ ಎಬ್ಬಿಸಿ ಮುಂದಿನ ಬೆಂಚಿಗೆ ಹಾಕಿದ್ರು. ಮೂರು ಜನರ ಮಧ್ಯೆ. ಅವರು ತಲೆ ಎತ್ತಲ್ಲ, ಬರೀತಾನೇ ಇರ್ತಾರೆ.”

“ಜಾಗ ಕೊಟ್ರಾ?”

“ಸರಿದ್ರು. ಒಬ್ಳು ನನ್ನ ರಬ್ಬರ್ ಇಸ್ಕೊಂಡು ವಾಪಸ್ಸೇ ಕೊಡಲಿಲ್ಲ.”

ಅಪ್ಪನಾದವನು ಬೈಯಬೇಕಲ್ಲ. “ಪಾಠದ ಹೊತ್ತಲ್ಲಿ ಮಾತಾಡ್ತಾರೇನೇ, ಕತ್ತೆ!” ಅಂದ. ಬೈಯುತ್ತಲೇ ನಕ್ಕು, ಅವಳ ತಲೆ ಸವರಿದ.

ಒಳಗಿನಿಂದ ಹೆಂಡತಿ ಕೂಗಿದಳು: “ಏನ್ರೀ ಅದು, ಬೈತಿದ್ದೀರೋ ಮುದ್ದು ಮಾಡ್ತಿದ್ದೀರೋ?”